ಕರುವಿಗೆ ಹೇಳಿದ ಮಾತು

"ಕರೆವ್ವ ತಾಳಿ ಬಿಚ್ಚಿ ಒಲಿ ಕಟ್ಟಿ ಮ್ಯಾಲ ಇಟ್ಟು ತವರಿಗೆ ನಡದಾಳ್ರಿ ಮಾಸ್ತರ! ಗಂಡ ಬೀರಪ್ಪ ಅಲ್ಲೇ ಕುಂತು ಉಣ್ಣಾಕ ಹತ್ತಿದ್ನಂತ!"

ಪಂಚರು ಕಳಿಸಿದ ಸತ್ಯಪ್ಪ ಏದುಸಿರು ಬಿಡುತ್ತಿದ್ದ. ಮಾಸ್ತರ ನಿಜಗುಣಪ್ಪನ ಕೈಯ ಸೀಮೆಸುಣ್ಣ ತುಂಡಾಯಿತು.

ಜಗಳ ಸವದತ್ತಿ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಹೊರಗಿನವನೊಬ್ಬ ಗಂಡ ಹೆಂಡತಿ ಇಬ್ಬರನ್ನೂ ಕೇಳಿ ತೂಗಿ ಹೇಳಲಿ ಎಂದು ಪಂಚರು ನಿಜಗುಣಪ್ಪನನ್ನು ಆರಿಸಿದ್ದರು. ಕಾಯಿದೆ ಪುಸ್ತಕ ಓದಿದವನು. ಯಾರಿಗೂ ಏನೂ ಅಲ್ಲದವನು. ಅದೊಂದು ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಮದುವೆಯಿಂದ ಬಿಡುಗಡೆ ನ್ಯಾಯವೆನಿಸಿದರೆ ಅವನು ಜೋಳದ ಕಡ್ಡಿಯೊಂದನ್ನು ಒಯ್ಯಬೇಕು. ಗಂಡ ಹೆಂಡತಿ ಒಂದೊಂದು ತುದಿ ಹಿಡಿದು ಮುರಿಯುತ್ತಾರೆ; ಅಲ್ಲಿಗೆ ಮದುವೆ ಮುರಿದಂತೆ. ಬರಿಗೈಯಲ್ಲಿ ಹೋದರೆ ಹೆಂಗಸು ತಿರುಗಿ ಗಂಡನ ಮನೆಗೆ.

"ಹೊಡದಿಲ್ಲ, ಬಡದಿಲ್ರಿ," ಎಂದ ಬೀರಪ್ಪ, ಮಾಸ್ತರ ಮೊದಲು ಅವನ ಮನೆಗೆ ಹೋದಾಗ. "ಹೊಟ್ಟಿ ತುಂಬ ಹಾಕೇನಿ. ಇನ್ನೇನು, ಮೆರವಣಿಗಿ ಮಾಡ್ಲೇನ್ರಿ ಆಕಿದು?"

ಕರೆವ್ವ ತವರಿನ ಪಡಸಾಲೆಯಲ್ಲಿ ಕಂಬಕ್ಕೊರಗಿ ನಿಂತಿದ್ದಳು.

"ಏನ್ ಮಾಡ್ಯಾನ ತಂಗಿ, ಅಂವಾ?"

"ಮೂರು ವರ್ಷಾತ್ರಿ, ನನ್ನ ಜೋಡಿ ಮಾತಾಡಿಲ್ಲ. ನೀರು ಬೇಕಂದ್ರ ಎತ್ತಿಗೆ ಹೇಳ್ತಿದ್ದ, ನಾ ಕೇಳಿಸ್ಕೊಂಡು ಕೊಡ್ತಿದ್ದೆ. ಮೊನ್ನೆ ಎತ್ತು ಸತ್ತಿತ್ರಿ. ಈಗ ಅದೂ ಇಲ್ಲ."

ಅವನಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಕೋರ್ಟಿನಾಗ ಇದು ಕಾರಣ ಆಗೂದಿಲ್ಲ."

"ನೀವೇನು ಕೋರ್ಟ ಏನ್ರಿ?"

"ನೋಡೋಣ," ಎಂದು ಚಪ್ಪಲಿ ಹುಡುಕಿದ.

ಸಂಜೆ ನಿಜಗುಣಪ್ಪನ ಮನೆಯ ಹಿತ್ತಿಲಲ್ಲಿ ಅವನ ಹೆಂಡತಿ ಪದ್ಮವ್ವ ಕರುವಿನ ಕುತ್ತಿಗೆ ತುರಿಸುತ್ತಿದ್ದಳು.

"ಕೈಕಾಲಿಗೆ ನೀರಿಟ್ಟೇನಿ ಅಂತ ಹೇಳ," ಎಂದಳು, ಕರುವಿಗೆ.

"ಹಸಿವಿಲ್ಲ ಅಂತ ಹೇಳ," ಎಂದ ಅವನೂ, ಕರುವಿಗೇ.

ಇಬ್ಬರ ಮಾತಿನ ನಡುವೆ ಇದು ಎಷ್ಟನೆಯ ಕರು? ನಾಲ್ಕನೆಯದಿರಬೇಕು.

ಬಣವೆಯಿಂದ ಒಂದು ಜೋಳದ ಕಡ್ಡಿ ಹಿರಿದ. ಇದನ್ನು ಒಯ್ದರೆ ತೀರ್ಪು ಬೀರಪ್ಪನ ಮನೆಗಷ್ಟೇ ನಿಲ್ಲುವುದಿಲ್ಲ. ಕಡ್ಡಿಯನ್ನು ತಿರುಗಿ ಬಣವೆಗೆ ತುರುಕಿದ. ಕಾಯಿದೆ ಹೇಗೂ ತನ್ನ ಕಡೆಗಿತ್ತು. ಪದ್ಮವ್ವ ನೋಡುತ್ತಿದ್ದಳು.

ಒಳಗೆ ಬಂದು ರುಮಾಲು ಬಿಚ್ಚಿ ಹಿತ್ತಿಲ ಬಾಗಿಲ ಕಟ್ಟೆಯ ಮೇಲಿಟ್ಟು, ಅತ್ತ ಬೆನ್ನು ಮಾಡಿ ಕುಳಿತ. ಓಣಿಯಿಂದ ಸತ್ಯಪ್ಪ ಕೂಗಿದ: "ಮಾಸ್ತರ, ನಾಳಿ ಹೊತ್ತೇರೂದ್ರಾಗ ಹಣಮಪ್ಪನ ಗುಡಿ ಕಟ್ಟಿಗೆ ಬರ್ರಿ! ಇಬ್ರೂ ಬರ್ತಾರ!"

ಉತ್ತರಕ್ಕೆ ಗಂಟಲು ಸರಿಮಾಡಿಕೊಂಡು ತಿರುಗಿದ. ರುಮಾಲಿನ ಮೇಲೆ ಜೋಳದ ಕಡ್ಡಿಗಳಿದ್ದವು. ಗರಿ ಸುಲಿದು, ಒಂದೇ ಅಳತೆಗೆ ಕತ್ತರಿಸಿದವು. ಒಂದಲ್ಲ, ಎರಡು.

"ನಾವೂ ಇಬ್ರೂ ಬರ್ತೇವಿ ಅಂತ ಹೇಳ," ಎಂದಿತು ಹಿತ್ತಿಲ ದನಿ.

ಕರು ಹಗ್ಗ ಜಗ್ಗಿ, ಬಾಗಿಲೊಳಗೆ ಕುತ್ತಿಗೆ ಚಾಚಿ, ಕಡ್ಡಿಗಳ ಕಡೆಗೆ ನಾಲಿಗೆ ನೀಡುತ್ತಿತ್ತು.