ಎತ್ತಿದ ಅಂಗೈಗಳು

ನಮ್ಮ ಬೀದಿಯ ತಿರುವಿಗೆ ಕ್ಯಾಮೆರಾ ಬೇಕೋ ಬೇಡವೋ ಎಂದು ಶಾಲೆಯ ಅಂಗಳದಲ್ಲಿ ಸಭೆ ಸೇರಿತ್ತು. ನನಗೆ ಬೇಡವಾಗಿತ್ತು. ಯಾಕೆಂದು ಹೇಳುವ ಹಾಗಿರಲಿಲ್ಲ.

ಗಂಡನ ಹೊಡೆತ ತಾಳದೆ ಅಕ್ಕ ಜಿಬೆಕ್ ನಮ್ಮ ಮನೆಗೆ ಬಂದಿದ್ದಳು. ಭಾವ ಓಶ್ ನಗರದಲ್ಲಿ ಪೊಲೀಸ್. ಊರೂರಿನ ಕ್ಯಾಮೆರಾಗಳ ಚಿತ್ರ ಬಂದು ಬೀಳುವ ಕೋಣೆಯಲ್ಲೇ ಅವನ ಕೆಲಸ. ಅವಳು ದುಡಿಯಲು ಮಾಸ್ಕೋಗೆ ಹೋದಳೆಂದು ನಾನೇ ಅವನಿಗೆ ಹೇಳಿದ್ದೆ. ಅವಳೋ ದಿನಾ ಅದೇ ತಿರುವು ದಾಟಿ ಹೊಲಿಗೆ ಅಂಗಡಿಗೆ ಹೋಗುತ್ತಿದ್ದಳು. ಬೀದಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ.

ಪುರಸಭೆ ಸದಸ್ಯ ಇಸ್ಕೆಂದರ್ ಎದ್ದ. "ನಿಮ್ಮ ಹೆಣ್ಮಕ್ಕಳು ಹೆದರಿಕೆಯಿಲ್ದೆ ಓಡಾಡ್ಬೇಕು. ಸ್ವಾತಂತ್ರ್ಯ ಅಂದ್ರೆ ಅದೇ ಅಲ್ವಾ?"

"ನಾನೆಲ್ಲಿಗೆ ಹೋದೆ ಅಂತ ಯಾರೂ ನೋಡ್ದೆ ಇರೋದು ಸ್ವಾತಂತ್ರ್ಯ," ಅಂದರು ಒರುನ್‌ಬೈ ಮೇಷ್ಟ್ರು.

"ನೀವು ಹೋಗೋದು ವೋಡ್ಕಾ ಅಂಗಡಿಗೆ. ಅದನ್ನ ನೋಡೋಕೆ ನಿಮ್ಮ ಹೆಂಡ್ತಿ ಸಾಲ್ದಾ?"

ಜನ ನಕ್ಕರು. ಮೇಷ್ಟ್ರು ಕೂತರು. ಸ್ವಾತಂತ್ರ್ಯದ ಚರ್ಚೆ ಅಲ್ಲಿಗೆ ಮುಗಿಯಿತು.

ನಾನೆದ್ದೆ. "ಆ ಚಿತ್ರ ಯಾರು ನೋಡ್ತಾರೆ, ಇಸ್ಕೆಂದರಣ್ಣ?"

"ಪೊಲೀಸ್ರು. ಕಳ್ಳ ಅಲ್ದಿದ್ರೆ ನಿಂಗ್ಯಾಕಪ್ಪ ಭಯ? ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೋನು ಕಾನೂನು ಕೇಳ್ತಾನೆ."

ಅಕ್ಕನ ವಿಷಯ ಗೊತ್ತಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ನಾಚಿಕೆಗೆಟ್ಟವರು.

"ಊಟದ ಹೊತ್ತಾಯ್ತು. ಅಜ್ಜ, ಆಶೀರ್ವಾದ ಮಾಡ್ಬಿಡಿ," ಅಂದ ಇಸ್ಕೆಂದರ್.

ಬೀದಿಗೆಲ್ಲ ಹಿರಿಯರಾದ ತೊಕ್ತೊಸುನ್ ಅಜ್ಜ ಅಂಗೈ ಬಿಚ್ಚಿ ಮೇಲೆತ್ತಿದರು. ಹಿರಿಯರು ಅಂಗೈ ಬಿಚ್ಚಿದಾಗ ನಮ್ಮಲ್ಲಿ ಯಾರ ಕೈಯೂ ಜೇಬಿನಲ್ಲಿ ಇರುವುದಿಲ್ಲ. ಇನ್ನೂರು ಕೈ ಎದ್ದವು, ನನ್ನವೂ. "ಊರಿಗೆ ನೆಮ್ಮದಿ ಸಿಗಲಿ." 'ಓಮಿನ್', ಹಾಗೇ ಆಗಲಿ, ಎಂದು ಮುಖ ಸವರಿಕೊಂಡೆವು. ಇಸ್ಕೆಂದರನ ಕಡೆಯವನು ಫೋನಿನಲ್ಲಿ ಫೋಟೋ ತೆಗೆದ.

ಮಾರನೆಯ ದಿನ ಪುರಸಭೆಯ ಗೋಡೆಯ ಮೇಲೆ ಅದೇ ಫೋಟೋ. ಕೆಳಗೆ: 'ಕ್ಯಾಮೆರಾ ಬೇಕೆಂದು ಬೀದಿಯ ಜನ ಒಮ್ಮತದಿಂದ ಕೈ ಎತ್ತಿದರು.'

ಅಜ್ಜನ ಮನೆಗೆ ಓಡಿದೆ. "ಅದು ಆಶೀರ್ವಾದ, ವೋಟಲ್ಲ ಅಂತ ಬಂದು ಹೇಳಿ."

"ಕೊಟ್ಟ ಆಶೀರ್ವಾದ ವಾಪಸ್ ತಗೊಳೋಕಾಗುತ್ತಾ ಮಗಾ? ಊರಿಗೆ ಕೇಡು," ಎಂದು ಚಹಾ ಬಗ್ಗಿಸಿ ನನ್ನ ಮುಂದಿಟ್ಟರು. ನಾನು ಕುಡಿಯಲಿಲ್ಲ.

ಗುರುವಾರ ತಿರುವಿನಲ್ಲಿ ಕಂಬ ನಿಂತಿತು. ಗೋಡೆಯ ಫೋಟೋವನ್ನು ನಾನು ಫೋನಿನಲ್ಲಿ ತೆಗೆದುಕೊಂಡಿದ್ದೆ; ಅಕ್ಕ ಅದನ್ನು ಹಿಗ್ಗಿಸಿ ನೋಡಿದಳು.

"ನೀನೂ ಎತ್ತಿದೀಯ."

"ಅಜ್ಜ ಎತ್ತಿದ್ರಲ್ಲ ಅಕ್ಕ."

"ಹೂಂ. ನನ್ನ ಮದುವೆ ದಿನಾನೂ ಅವರೇ ಎತ್ತಿದ್ದು. ಅವತ್ತೂ ನೀನು ಎತ್ತಿದ್ದೆ."

ಸಂಜೆಯ ಬಸ್ಸಿಗೆ ಅವಳು ನಿಜವಾಗಿಯೂ ಮಾಸ್ಕೋಗೆ ಹೊರಟಳು. ಕಂಬದ ಮೇಲಿನವರು ಇನ್ನೂ ತಂತಿ ಎಳೆಯುತ್ತಿದ್ದರು. ಕೆಳಗೆ ನಿಂತಿದ್ದ ಇಸ್ಕೆಂದರ್ ಅವಳ ಚೀಲ ನೋಡಿ, "ಒಬ್ಳೇ ಹೊರಟ್ಯಾ ತಂಗಿ? ಇನ್ಮೇಲೆ ಧೈರ್ಯವಾಗಿ ಓಡಾಡ್ಬಹುದು," ಅಂದ.