ಸೆರ್ರೊ ಶಾಲೆಯ ಬಾಯ್ಲರಿಗೆ ಹಾಕಿದ ಸೀಲು

ಸೆರ್ರೊ ಶಾಲೆಯ ಬಾಯ್ಲರಿಗೆ ಸೀಲು ಹಾಕಿದವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಇನ್ಯಾರದೋ ಬಾಯಿಂದ ನೀವು ಕೇಳುವುದು ಬೇಡ.

ನನ್ನ ಹೆಸರು ಬಸ್ತಿಯಾನೊ. ಪುರಸಭೆಯಲ್ಲಿ ನಲ್ಲಿ, ಮೋಟಾರು, ಬಾಯ್ಲರು ನೋಡಿಕೊಳ್ಳುವ ಕೆಲಸ. ಕಲಾಬ್ರಿಯಾದ ನಮ್ಮ ಪುರಸಭೆಗೆ ಹೆಸರು ಒಂದೇ, ಊರು ಎರಡು. ಕೆಳಗೆ ಕಡಲ ದಂಡೆಗೆ ಅಂಟಿಕೊಂಡದ್ದು ಮರೀನಾ. ಅಲ್ಲಿಂದ ಮೂವತ್ತೊಂದು ತಿರುವು ಹತ್ತಿದರೆ ಬೆಟ್ಟದ ನೆತ್ತಿಯಲ್ಲಿ ಸೆರ್ರೊ. ನವೆಂಬರಿನಲ್ಲಿ ಮರೀನಾದ ಮುದುಕರು ಬರೀ ಅಂಗಿಯಲ್ಲಿ ಬೀದಿಗೆ ಕುರ್ಚಿ ಹಾಕಿಕೊಂಡು ಇಸ್ಪೀಟಾಡುತ್ತಿರುತ್ತಾರೆ. ಅದೇ ಹೊತ್ತಿಗೆ ಸೆರ್ರೊದವರು ನಲ್ಲಿ ಒಡೆಯದಿರಲೆಂದು ಅದಕ್ಕೆ ಗೋಣಿ ಸುತ್ತುತ್ತಿರುತ್ತಾರೆ.

ಮೊದಲು ಪುರಸಭೆ ಕಚೇರಿ ಸೆರ್ರೊದಲ್ಲೇ ಇತ್ತು. ನಾನು ಹುಟ್ಟಿದ್ದೂ ಅಲ್ಲೇ. ನನಗೆ ಹತ್ತು ವರ್ಷವಾಗಿದ್ದಾಗ, ವಾರಗಟ್ಟಲೆ ಬಿಡದೆ ಸುರಿದ ಮಳೆಗೆ ಗುಡ್ಡ ಕುಸಿದು ಅರ್ಧ ಊರು ಜಾರಿಹೋಯಿತು. ಕಚೇರಿ ಕೆಳಗಿಳಿಯಿತು, ಅದರ ಬೆನ್ನಿಗೆ ನಮ್ಮ ಮನೆಯವರೂ ಇಳಿದೆವು. ಇಳಿಯದೆ ಉಳಿದವರಲ್ಲಿ ನನ್ನ ಅಮ್ಮನ ತಂಗಿ ಫೋರ್ತುನಾತಾ ಒಬ್ಬಳು. ಅಲ್ಲಿನ ಶಾಲೆಯಲ್ಲಿ ಆಯಾ. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರ್ ಹಚ್ಚುವುದು ಅವಳ ಕೆಲಸ.

ನಾನು ಸೀಲು ಹಾಕಿದ ವರ್ಷ, ಇಂಧನ ಉಳಿಸಲೆಂದು ರೋಮಿನಿಂದ ಹೊಸ ಕಾನೂನು ಬಂತು. ದೇಶದ ಪ್ರತಿ ಪುರಸಭೆಗೂ ಒಂದು ಅಕ್ಷರ, ಎ ಇಂದ ಎಫ್‌ವರೆಗೆ. ಚಳಿ ಹೆಚ್ಚಿದಷ್ಟೂ ಅಕ್ಷರ ಮುಂದೆ ಹೋಗುತ್ತದೆ. ಆಲ್ಪ್ಸ್ ತಪ್ಪಲಿನವರು ಯಾವಾಗ ಬೇಕಾದರೂ ಬಾಯ್ಲರ್ ಹಚ್ಚಿಕೊಳ್ಳಬಹುದು. ಮಿಲಾನಿನವರು ಅಕ್ಟೋಬರ್ ಮಧ್ಯದಿಂದ. ನಮಗೆ ಸಿಕ್ಕಿದ್ದು ಬಿ. ಡಿಸೆಂಬರ್ ಒಂದರ ತನಕ ಬಾಯ್ಲರ್ ಮುಟ್ಟುವಂತಿಲ್ಲ. ಯಾಕೆಂದರೆ ಊರಿನ ಎತ್ತರವನ್ನು ಪುರಸಭೆ ಕಚೇರಿ ಇರುವ ಜಾಗದಿಂದ ಲೆಕ್ಕ ಹಿಡಿದಿದ್ದರು. ಕಚೇರಿ ಇರುವುದು ಸಮುದ್ರಕ್ಕಿಂತ ಏಳು ಮೀಟರ್ ಮೇಲೆ. ಸೆರ್ರೊ ಸಾವಿರದ ನೂರು ಮೀಟರ್ ಮೇಲೆ.

ಮೇಯರ್ ಮನಸ್ಸು ಮಾಡಿದ್ದರೆ ಸೆರ್ರೊಗೆ ವಿನಾಯಿತಿ ಕೊಡಬಹುದಿತ್ತು. ಒಂದು ಸಹಿ ಸಾಕಿತ್ತು. ಮೇಯರ್ ಪೆಲ್ಲಿಕಾನೊ ವೃತ್ತಿಯಲ್ಲಿ ವಕೀಲ, ಮರೀನಾದಲ್ಲೇ ಹುಟ್ಟಿ ಬೆಳೆದವನು. ಸೆರ್ರೊದವರು ಚುನಾವಣೆಯಲ್ಲಿ ಅವನಿಗೆ ಓಟು ಹಾಕಿರಲಿಲ್ಲ. ಅವನು ಅದನ್ನು ಮರೆತಿರಲಿಲ್ಲ.

ನವೆಂಬರ್ ಹನ್ನೆರಡಕ್ಕೆ ಶಾಲೆಯ ಕೋಣೆಯೊಳಗೆ ಆರು ಡಿಗ್ರಿ. ಚಿಕ್ಕಮ್ಮ ಯಾರನ್ನೂ ಕೇಳದೆ ಬಾಯ್ಲರ್ ಹಚ್ಚಿದಳು. ಚಿಮಣಿಯ ಹೊಗೆ ಕಂಡ ಯಾರೋ ಮರೀನಾಕ್ಕೆ ಸುದ್ದಿ ಮುಟ್ಟಿಸಿದರು. ಮರುದಿನ ಮೇಯರ್ ನನ್ನ ಕೈಗೆ ಸೀಸದ ಸೀಲು, ತಂತಿ ಕೊಟ್ಟು ಮೇಲೆ ಅಟ್ಟಿದ.

ಬಾಯ್ಲರ್ ಕೋಣೆಯ ಬಾಗಿಲಲ್ಲಿ ಅವಳು ಕೈಕಟ್ಟಿ ನಿಂತಿದ್ದಳು.

"ಬಸ್ತಿಯಾ, ಕೈಲಿ ಏನೋ ಅದು?"

"ಸೀಲು, ಚಿಕ್ಕಮ್ಮ. ಮೇಯರ್ ಕಳ್ಸಿದಾರೆ."

"ಯಾರ ಬಾಯಿಗೆ?"

"ಬಾಯ್ಲರಿಗೆ."

"ಹೌದಾ. ನನ್ನ ಬಾಯಿಗಾಗಿದ್ರೆ ಇಷ್ಟು ತಂತಿ ಸಾಲ್ತಿರಲಿಲ್ಲ."

"ನಂದೇನಿದೆ ಹೇಳು ಇದ್ರಲ್ಲಿ? ಹೇಳಿದ್ದು ಮಾಡ್ತೀನಿ ಅಷ್ಟೆ."

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಇದೇ ಶಾಲೇಲಿ ಬೆರಳು ನೀಲಿಗಟ್ಟಿ ಪೆನ್ಸಿಲ್ ಹಿಡಿಯೋಕಾಗದೆ ಅಳ್ತಿದ್ದೆ ನೀನು. ನಿನ್ನ ಕೈ ನನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿದೀನಿ. ಅದೇ ಕೈಯಲ್ಲಿ ಹಾಕು. ನಾನು ನೋಡ್ತಾ ನಿಂತಿರ್ತೀನಿ."

ಹಾಕಿದೆ. ಬಾಯ್ಲರಿನ ವಾಲ್ವಿಗೆ ತಂತಿ ಸುತ್ತಿ, ಸೀಸ ಒತ್ತಿ, ಅವಳ ಮುಖ ನೋಡದೆ ಗಾಡಿ ಹತ್ತಿದೆ. ಒಳಗೆ ಹದಿನಾಲ್ಕು ಮಕ್ಕಳು ಕೋಟು ಬಿಚ್ಚದೆ ಮಗ್ಗಿ ಹೇಳುತ್ತಿದ್ದರು.

ಮುಂದಿನ ಹತ್ತು ದಿನ ಅವಳು ದಿನಾ ಬೆಳಿಗ್ಗೆ ಥರ್ಮಾಮೀಟರ್ ನೋಡಿ ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಳು. ಐದು, ನಾಲ್ಕು, ಆರು, ನಾಲ್ಕು. ಮೇಯರಿಗೆ ಮೂರು ಕಾಗದ ಬರೆದಳು. ಮೂರನೆಯದಕ್ಕೆ ಒಂದು ಸಾಲಿನ ಉತ್ತರ ಬಂತು: ಶಾಲೆಯ ಥರ್ಮಾಮೀಟರ್ ಪ್ರಮಾಣೀಕೃತ ಸಾಧನವಲ್ಲ.

ಅದನ್ನು ಓದಿದ ಮೇಲೆ ಅವಳು ಆ ಕಾಗದವನ್ನೂ ಹಾಜರಿ ಪುಸ್ತಕದ ಹಿಂದಿನ ಪುಟಕ್ಕೆ ಅಂಟಿಸಿದಳಂತೆ. ಟೀಚರ್ ಎರ್ಸಿಲಿಯಾ ಆಮೇಲೆ ನನಗೆ ಹೇಳಿದ್ದು.

ಇಪ್ಪತ್ತನಾಲ್ಕಕ್ಕೆ ಕೌನ್ಸಿಲ್ ಸಭೆ. ಆ ಬೆಳಿಗ್ಗೆ ಶಾಲೆಯ ಅಂಗಳದ ತೊಟ್ಟಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಚಿಕ್ಕಮ್ಮ ಸುತ್ತಿಗೆಯಿಂದ ಮಂಜುಗಡ್ಡೆ ಒಡೆದು, ಗೋಣಿಯಲ್ಲಿ ಸುತ್ತಿ, ಬಕೆಟ್ಟಿಗೆ ತುಂಬಿಕೊಂಡಳು. ಮಧ್ಯಾಹ್ನದ ಬಸ್ಸಿಗೆ ಹೊರಟು ಒಂದೂವರೆ ಗಂಟೆ ಇಳಿದು ಬಂದಳು. ಸಭೆ ನಾಲ್ಕಕ್ಕೆಂದು ಚೀಟಿ ಅಂಟಿಸಿದ್ದರು, ಶುರುವಾದದ್ದು ಐದೂವರೆಗೆ. ಅಷ್ಟು ಹೊತ್ತೂ ಅವಳು ಬಕೆಟ್ಟನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮೇಲಿನ ಚಳಿಗೆ ಹಾಕಿಕೊಂಡು ಬಂದ ಗಂಡನ ದಪ್ಪ ಕೋಟಿನೊಳಗೆ ಬೆವರುತ್ತಿದ್ದಳು. ಸಭಾಂಗಣದ ಕಿಟಕಿಗಳನ್ನು ಕಡಲ ಗಾಳಿಗೆಂದು ತೆರೆದಿಟ್ಟಿದ್ದರು. ನಾನು ಮೈಕು ಜೋಡಿಸಲು ಬಂದವನು ಅಲ್ಲೇ ಇದ್ದೆ.

ಅವಳ ಸರದಿ ಬಂದಾಗ ನೇರ ನಡೆದು ಹೋಗಿ ಬಕೆಟ್ಟನ್ನು ಮೇಯರನ ಮೇಜಿನ ಮೇಲಿಟ್ಟಳು.

"ವಕೀಲ್ರೇ, ನನ್ನ ಥರ್ಮಾಮೀಟರ್ ನಿಮಗೆ ಒಪ್ಪಿಗೆ ಇಲ್ಲ. ಅದಕ್ಕೇ ಚಳೀನೇ ತಂದಿದೀನಿ, ನೋಡಿ."

ಗೋಣಿ ಬಿಡಿಸಿದಳು. ಒದ್ದೆ ಗೋಣಿ. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ನೀರು.

ಮೇಯರ್ ಬಗ್ಗಿ ನೋಡಿದ. "ಫೋರ್ತುನಾತಮ್ಮ, ಇದು ನೀರು."

"ಗಿಡಕ್ಕೆ ಹಾಕಿಸಿ ವಕೀಲ್ರೇ, ಸೆರ್ರೊದ ನೀರು ರುಚಿ ಅಂತಾರೆ," ಎಂದ ಒಬ್ಬ ಸದಸ್ಯ. ಇಡೀ ಸಭೆ ನಕ್ಕಿತು. ನಾನು ನಗಲಿಲ್ಲ. ಬಗ್ಗಿ ಮೈಕಿನ ತಂತಿ ಸರಿಮಾಡುತ್ತಿದ್ದೆ.

ಅವಳ ಕುತ್ತಿಗೆ ಕೆಂಪಾಯಿತು. ಆದರೆ ದನಿ ಏರಲಿಲ್ಲ. "ಬೆಳಿಗ್ಗೆ ಏಳು ಗಂಟೆಗೆ ಇದು ನನ್ನ ಬೆರಳಿನಷ್ಟು ದಪ್ಪ ಇತ್ತು. ನಿಮ್ಮೂರಿಗೆ ಬಂದು ನೀರಾಯ್ತು. ನಗ್ತೀರಲ್ಲ, ನಾನು ಹೇಳೋಕೆ ಬಂದಿದ್ದೂ ಅದನ್ನೇ. ಇಲ್ಲಿ ಕರಗೋದು ಅಲ್ಲಿ ಕರಗಲ್ಲ. ಇಷ್ಟು ತಿಳ್ಕೊಳ್ಳೋಕೆ ವಕೀಲಿಕೆ ಓದಬೇಕಾ?"

"ಅಮ್ಮಾ, ಕಾನೂನು ಒಂದು ಪುರಸಭೆಗೆ ಒಂದೇ ಅಕ್ಷರ ಕೊಟ್ಟಿದೆ. ನಾನೇನು ಮಾಡ್ಲಿ?"

"ಸಹಿ ಮಾಡಿ."

"ಇವತ್ತು ನಿಮಗೆ ಮಾಡಿದ್ರೆ ನಾಳೆ ಇನ್ನೊಬ್ರು ಬರ್ತಾರೆ."

"ಯಾರು ಬರ್ತಾರೆ? ಇಸ್ಪೀಟಾಡೋ ಮುದುಕ್ರಾ?"

"ಮುಂದಿನ ವಿಷಯ," ಎಂದ ಮೇಯರ್. ಮುಂದಿನ ವಿಷಯ ಕಡಲದಂಡೆಯ ದೀಪದ ಕಂಬಗಳು.

ಅಷ್ಟರಲ್ಲಿ ಕೊನೆಯ ಬಸ್ಸು ಹೋಗಿಯಾಗಿತ್ತು. ನನ್ನ ಗಾಡಿಯಲ್ಲಿ ಬಿಡುತ್ತೇನೆ ಎಂದೆ. ಬೇರೆ ದಾರಿಯಿಲ್ಲದೆ ಹತ್ತಿದಳು. ಹತ್ತು ತಿರುವು ದಾಟುವಷ್ಟರಲ್ಲಿ ನಿಂಬೆ ತೋಟಗಳೆಲ್ಲ ಹಿಂದೆ ಬಿದ್ದವು. ಇಪ್ಪತ್ತನೆಯ ತಿರುವಿನಲ್ಲಿ ಮಂಜು ಮುಸುಕಿತು, ನಾನು ಕಿಟಕಿ ಏರಿಸಿದೆ. ಆಗ ಬಾಯಿ ಬಿಟ್ಟಳು.

"ಆ ವಕೀಲನ್ನ ಬಿಡು. ಅವನ ಮೈಗೆ ಚಳಿ ಅಂದ್ರೇನು ಅಂತ್ಲೇ ಗೊತ್ತಿಲ್ಲ. ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಹಾಕ್ದೆ."

"ಕೆಲ್ಸ ಹೋಗ್ತಿತ್ತು ಚಿಕ್ಕಮ್ಮ."

"ಹೋಗ್ತಿತ್ತೇನೋ. ಹೋಗತ್ತೆ ಅಂತ ಅವತ್ತೇ ನನ್ನ ಹತ್ರ ಹೇಳಿದ್ರೆ ಇಬ್ರೂ ಕೂತು ಯೋಚನೆ ಮಾಡ್ಬಹುದಿತ್ತು. ನೀನು ನನ್ನ ಮುಖಾನೂ ನೋಡ್ಲಿಲ್ಲ."

ನನಗೆ ಮೊದಲು ಅವಳ ಮೇಲೆ ಸಿಟ್ಟು ಬಂತು, ಸಭೆಯಲ್ಲಿ ನಕ್ಕವರ ಮೇಲೆ ಬಂತು, ಉಳಿದ ತಿರುವುಗಳನ್ನೆಲ್ಲ ಹತ್ತುವಾಗ ಅದು ನನ್ನ ಮೇಲೇ ತಿರುಗಿತು. ಅವಳ ಮನೆಯ ಮುಂದೆ ಗಾಡಿ ನಿಲ್ಲಿಸಲಿಲ್ಲ. ಶಾಲೆಯ ಮುಂದೆ ನಿಲ್ಲಿಸಿ ಡಬ್ಬಿಯಿಂದ ಇಕ್ಕಳ ತೆಗೆದುಕೊಂಡೆ. ಅವಳು ಬೀಗ ತೆಗೆದಳು.

"ನಾನೇನು ಹೇಳಿಲ್ಲ ನಿಂಗೆ," ಎಂದಳು, ನಾನು ತಂತಿಗೆ ಇಕ್ಕಳ ಹಾಕುವಾಗ.

"ಹೇಳಿಲ್ಲ."

ತಂತಿ ಕತ್ತರಿಸಿದೆ. ಎರಡನೆಯ ಸಲಕ್ಕೆ ಬಾಯ್ಲರ್ ಹೊತ್ತಿಕೊಂಡಿತು. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಕೋಣೆ ಹದವಾಗಿತ್ತು ಎಂದು ಟೀಚರ್ ಹೇಳಿದರು. ನಾನು ಅದನ್ನು ನೋಡಲಿಲ್ಲ. ಆ ಹೊತ್ತಿಗೆ ಮೇಯರನ ಕೋಣೆಯಲ್ಲಿದ್ದೆ. ಒಡೆದ ಸೀಸವನ್ನು ಅವನ ಮೇಜಿನ ಮೇಲಿಟ್ಟು, "ನಾನೇ ಕಿತ್ತೆ. ಇನ್ನೊಂದು ಹಾಕಬೇಕಿದ್ರೆ ನೀವೇ ಬನ್ನಿ, ಗಾಡಿ ನಾನು ಓಡಿಸ್ತೀನಿ," ಎಂದೆ.

ಹದಿನೈದು ದಿನ ಅಮಾನತು ಮಾಡಿದ.

ಆದರೆ ಬಕೆಟ್ಟಿನ ಕಥೆ ಸಭೆಯಿಂದ ಬಾರಿಗೆ, ಬಾರಿನಿಂದ ಜಿಲ್ಲೆಯ ಪತ್ರಿಕೆಗೆ ಹೋಗಿತ್ತು. ನವೆಂಬರ್ ಇಪ್ಪತ್ತೆಂಟಕ್ಕೆ ಪೆಲ್ಲಿಕಾನೊ ಸಹಿ ಮಾಡಿದ. ಫೋಟೋದವನನ್ನು ಕರೆದುಕೊಂಡು ತಾನೇ ಸೆರ್ರೊಗೆ ಬಂದು, ಒಂದು ಮಗುವನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಬಾಯ್ಲರಿನ ಬಿಸಿನೀರು ಹರಿಯುವ ಗೋಡೆಯ ರೇಡಿಯೇಟರಿನ ಮೇಲೆ ಕೈಯಿಟ್ಟು ನಿಂತ. ಅಮಾನತಾಗಿ ಕೆಲಸವಿಲ್ಲದ ನಾನು ಅಂಗಳದಲ್ಲಿ ಚಿಕ್ಕಮ್ಮನ ಒಲೆಗೆ ಸೌದೆ ಒಡೆಯುತ್ತಿದ್ದೆ.

"ಫೋರ್ತುನಾತಮ್ಮ, ನೀವೂ ಬನ್ನಿ ಫೋಟೋಕ್ಕೆ," ಎಂದ. "ಈಗ ಸಮಾಧಾನ ಆಯ್ತಲ್ಲ?"

ಅವಳು ಪೊರಕೆ ಬಿಡಲಿಲ್ಲ. "ಇನ್ನು ಮೂರು ದಿನ ಕಳೆದ್ರೆ ನಿಮ್ಮ ಕಾನೂನೇ ಕೊಡ್ತಿತ್ತು. ನೀವು ಕೊಟ್ಟಿದ್ದು ಮೂರು ದಿನ. ಎರಡು ವಾರ ಈ ಮಕ್ಕಳು ಕೆಮ್ಮಿದಾರೆ, ಒಬ್ಬಳು ಇನ್ನೂ ಹಾಸಿಗೆ ಬಿಟ್ಟಿಲ್ಲ. ಸಮಾಧಾನದ ಮಾತು ಅವಳ ಮನೇಗೆ ಹೋಗಿ ಕೇಳಿ. ಕಾಲೆತ್ತಿ, ಗುಡಿಸ್ಬೇಕು."

ಅವನು ಕಾಲೆತ್ತಿದ. ಪತ್ರಿಕೆಯಲ್ಲಿ ಮೇಯರನ ದೊಡ್ಡ ಮನಸ್ಸು ಎಂದು ಬಂತು. ಚಿಕ್ಕಮ್ಮ ಆ ಹಾಳೆಯಿಂದಲೇ ಒಲೆ ಹಚ್ಚಿದಳು.

ಕ್ರಿಸ್ಮಸ್ಸಿಗೆ ನಮ್ಮ ಮನೆಯವರನ್ನು ಊಟಕ್ಕೆ ಕರೆದಳು. ಒಣಮೀನು ಬಡಿಸುವಾಗ ನಾನೇ ಸೀಲಿನ ಮಾತೆತ್ತಿದೆ. "ಸುಮ್ನೆ ತಿನ್ನು," ಎಂದಳು. ಕ್ಷಮಿಸಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ನಮ್ಮ ಅಕ್ಷರ ಈಗಲೂ ಬಿ. ವಿನಾಯಿತಿ ಒಂದು ಚಳಿಗಾಲಕ್ಕೆ ಮಾತ್ರ. ಪ್ರತಿ ಅಕ್ಟೋಬರಿನಲ್ಲೂ ಹೊಸದಾಗಿ ಬೇಡಬೇಕು. ಪೆಲ್ಲಿಕಾನೊ ಹೋದ, ಇನ್ನಿಬ್ಬರು ಮೇಯರ್‌ಗಳು ಬಂದರು, ಇಬ್ಬರೂ ಮೊದಲು ಕೇಳಿದ್ದು ಒಂದೇ ಮಾತು: ಅಲ್ಲಿ ಅಷ್ಟೊಂದು ಚಳಿ ಇದೆಯಾ? ಅರ್ಜಿ ಹಿಡಿದುಕೊಂಡು ಹೋಗುವವನು ಈಗ ನಾನು. ಹೊರಗಿನ ಬೆಂಚಿನಲ್ಲಿ ಕೂತು ಕಾಯುತ್ತೇನೆ. ಒಳಗೆ ಕರೆಯುವ ಹೊತ್ತಿಗೆ ಸಿಟ್ಟಿಗೆ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿರುತ್ತದೆ.