ಡಬ್ಬಿ ಅಪ್ಪ

“ಅಪ್ಪನ್ನ ಚಾರ್ಜಿಗೆ ಹಾಕೋದು ಮರೀಬೇಡಿ,” ಎಂದಳು ಹೆಂಡತಿ, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಬಾಗಿಲ ಹಿಂದೆ ಕಾಲಿನಿಂದಲೇ ತಡಕುತ್ತ.

ಅವನು ಹೂಂ ಎನ್ನಲಿಲ್ಲ. ಊಹೂಂ ಎನ್ನಲೂ ಇಲ್ಲ.

“ಕೇಳಿಸ್ತಾ? ಮಧ್ಯಾಹ್ನ ಅದಿಲ್ದೆ ಇಬ್ಬರೂ ಕಣ್ಣು ಮುಚ್ಚಲ್ಲ.”

“ನಾನಿದ್ದೀನಲ್ಲ.”

ಅವಳು ನಕ್ಕಳು. ನಗುವಿನಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. “ನೀವಿದ್ದೀರಿ, ಸರಿ. ಅದನ್ನೂ ಪಕ್ಕದಲ್ಲಿಟ್ಕೊಂಡಿರಿ.”

ಬಾಗಿಲು ಮುಚ್ಚಿತು. ಅವಳ ಹೆಜ್ಜೆಗಳು ಮೆಟ್ಟಿಲ ಮೇಲೆ ಹಗುರಾಗಿ ಇಳಿದುಹೋದವು, ತಪ್ಪಿಸಿಕೊಂಡು ಹೋಗುವವರ ಹೆಜ್ಜೆಯಂತೆ. ಆ ಹೆಜ್ಜೆಯ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ದಿನವೂ ಹಾಗೆ ಇಳಿಯುತ್ತಿದ್ದವನು ಅವನೇ.

ಅವಳು ಹೇಳಿದ ಅಪ್ಪ ಕಪಾಟಿನ ಮೇಲಿತ್ತು. ಅಂಗೈಯಗಲದ ನೀಲಿ ಸ್ಪೀಕರು. ಅದರ ಹೊಟ್ಟೆಯಲ್ಲಿದ್ದದ್ದು ಒಂದೇ ಒಂದು ಕಥೆ, ಅದೂ ಅವನ ದನಿಯಲ್ಲೇ. ಮಕ್ಕಳು ಅದಕ್ಕೆ ಡಬ್ಬಿ ಅಪ್ಪ ಎಂದು ಹೆಸರಿಟ್ಟಿದ್ದರು. ನಿದ್ದೆ ಬಂದಾಗ, ಅವಸರದಲ್ಲಿ, ಬರೀ ಅಪ್ಪ. ಅವನು ಆಫೀಸ್ ಅಪ್ಪ. ಈ ಏರ್ಪಾಟಿನ ಬಗ್ಗೆ ಮನೆಯಲ್ಲಿ ಯಾರದೂ ತಕರಾರಿರಲಿಲ್ಲ. ಅವನದೂ ಇರಲಿಲ್ಲ, ಮೊನ್ನೆಯ ತನಕ.

ಮೊನ್ನೆ ಸಂಜೆ ಮೆಟ್ಟಿಲು ಹತ್ತುವಾಗ ಮಗಳ ದನಿ ಕೇಳಿಸಿತ್ತು. ಕೆಳಮನೆಯ ಹುಡುಗಿಯ ಜೊತೆ ತಿರುವಿನಲ್ಲಿ ಕೂತಿದ್ದಳು.

“ನಮ್ಮಪ್ಪ ನೀಲಿ. ನಿಮ್ಮಪ್ಪ?”

ಕೆಳಮನೆಯ ಹುಡುಗಿ ಗಂಭೀರವಾಗಿ ಯೋಚಿಸಿ, “ನಮ್ಮಪ್ಪ ಬೋಳು,” ಎಂದಿದ್ದಳು.

ಅವನು ನಗಬೇಕೆಂದು ನಿಂತ. ನಗು ಬಾರದ್ದರಿಂದ ಹತ್ತಿ ಹೋದ.

ಇವತ್ತು ಅವನು ಕೆಲಸ ಮಾಡುವ ರೆಕಾರ್ಡಿಂಗ್ ಸ್ಟುಡಿಯೋದ ಪಕ್ಕದ ಕಟ್ಟಡದಲ್ಲಿ ಗೋಡೆ ಕೊರೆಯುತ್ತಿದ್ದರು. ಗೋಡೆ ಕೊರೆಯುವಲ್ಲಿ ಮಾತು ಹಿಡಿಯಲಾಗುವುದಿಲ್ಲ, ಹಾಗಾಗಿ ರಜೆ. ದಿನಾ ಮಕ್ಕಳನ್ನು ನೋಡಿಕೊಳ್ಳಲು ಬರುವ ಹೆಂಡತಿಯ ಚಿಕ್ಕಮ್ಮನಿಗೆ ರಾತ್ರಿಯೇ ಫೋನು ಮಾಡಿ, ನಾಳೆ ಬರೋದು ಬೇಡ, ನಾನಿರ್ತೀನಿ, ಎಂದಿದ್ದ. ಆ ಕಡೆಯಿಂದ ಚಿಕ್ಕಮ್ಮ, “ಯಾರು ಮಾತಾಡ್ತಿರೋದು?” ಎಂದು ಕೇಳಿದ್ದರು.

ಅವನು ಡಬ್ಬಿಯನ್ನು ಕೈಗೆತ್ತಿಕೊಂಡು ನೋಡಿದ. ಮೂಲೆಯ ಕೆಂಪು ಚುಕ್ಕೆ ಮಿಣುಕುತ್ತಿತ್ತು. ಇನ್ನೇನು ಆರುವ ದೀಪ. ವೈರು ಕಪಾಟಿನ ಪಕ್ಕದಲ್ಲೇ ನೇತಾಡುತ್ತಿತ್ತು. ಚುಚ್ಚಲಿಲ್ಲ. ಡಬ್ಬಿಯನ್ನು ಟವೆಲುಗಳ ಹಿಂದೆ ಸರಿಸಿಟ್ಟ. ಇವತ್ತು ಮಧ್ಯಾಹ್ನ ಕಥೆ ಹೇಳುವವನು ತಾನು. ದೊಡ್ಡ ಆಸೆಯೇನಲ್ಲ, ಆಸೆಗಳನ್ನು ಅಳೆದು ಇಟ್ಟುಕೊಳ್ಳುವುದು ಅವನ ಅಭ್ಯಾಸ.

ತಿರುಗಿದರೆ ಬಾಗಿಲಲ್ಲಿ ಇರುವೆ ನಿಂತಿದ್ದಳು. ಮಗಳನ್ನು ಮನೆಯಲ್ಲಿ ಎಲ್ಲರೂ ಹಾಗೆ ಕರೆಯುವುದು. ಸದಾ ಏನಾದರೊಂದನ್ನು ಹೊತ್ತುಕೊಂಡು ಓಡಾಡುತ್ತಿರುತ್ತಾಳೆ. ಈಗ ತಮ್ಮನ ಒದ್ದೆ ಚಡ್ಡಿಯನ್ನು ಹೊತ್ತಿದ್ದಳು.

“ಗುಂಡ ಮಾಡ್ಕೊಂಡ. ನೀವು ಒರೆಸ್ತೀರಾ, ಅಮ್ಮ ಬರೋ ತನಕ ಬಿಡೋಣ್ವಾ?”

ಅವನನ್ನು ಅವಳು ನೀವು ಎನ್ನುತ್ತಿದ್ದಳು. ಅಮ್ಮನಿಗೆ ನೀನು, ಚಿಕ್ಕಜ್ಜಿಗೆ ನೀನು, ಡಬ್ಬಿಗೂ ನೀನು. ಇದನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ.

“ಒರೆಸೋ ಬಟ್ಟೆ ಎಲ್ಲಿದೆ?”

“ತೋರಿಸ್ತೀನಿ ಬನ್ನಿ.”

ಅವಳು ಮುಂದೆ, ಅವನು ಹಿಂದೆ. ಮನೆ ತೋರಿಸುವವರ ಹಿಂದೆ ಬಾಡಿಗೆದಾರ ಹೋಗುವಂತೆ ಹೋದ. ಬಟ್ಟೆ ಎಲ್ಲಿ, ಗುಂಡನ ಲೋಟ ಯಾವುದು, ಹಾಲಿನ ಪಾತ್ರೆಗೆ ಯಾವ ಮುಚ್ಚಳ, ಯಾವ ಕಿಟಕಿಯನ್ನು ತೆರೆದರೆ ಬಾಗಿಲು ಬಡಿದುಕೊಳ್ಳುತ್ತದೆ, ಎಲ್ಲವನ್ನೂ ತೋರಿಸಿದಳು. ಅವನು ತಪ್ಪಿದಾಗ ಗದರಲಿಲ್ಲ. “ಪರವಾಗಿಲ್ಲ, ನಿಮಗೆ ಗೊತ್ತಿರಲ್ಲ,” ಎಂದಳು. ಹೊರಗಿನವರಿಗೆ ತೋರುವ ಮರ್ಯಾದೆಯಲ್ಲಿ ಒಂದು ಕೂದಲೆಳೆಯಷ್ಟೂ ಕೊರತೆಯಿರಲಿಲ್ಲ.

ಎರಡು ವರ್ಷ ತುಂಬದ ಗುಂಡ ಮಾತ್ರ ಮರ್ಯಾದೆಯ ಗೊಡವೆಗೆ ಹೋಗಲಿಲ್ಲ. ಸ್ನಾನ ಮಾಡಿಸುವಾಗ ಅವನ ಕಿವಿ ಹಿಡಿದೆಳೆದ, ಬಾಯಿಗೆ ಸೋಪು ಹಾಕಲು ನೋಡಿದ, ಕೊನೆಗೆ ಎದೆಗೆ ತಲೆಯಾನಿಸಿ ಸುಮ್ಮನಾದ. ಅವನಿಗೆ ಹಿಗ್ಗಾಯಿತು. ಗುಂಡ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದ. ಆಮೇಲೆ ತಲೆಯೆತ್ತಿ, ಅಂಗಿಯ ಗುಂಡಿಯನ್ನು ಬೆರಳಿನಿಂದ ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು ಗುಂಡಿಯನ್ನು ಒತ್ತಿದ.

ಅವನ ಕೆಲಸ ಇಷ್ಟು: ಬೇರೆಯವರು ಓದಿ ಹೋದ ಪಾಠಗಳನ್ನು, ಕಾದಂಬರಿಗಳನ್ನು, ‘ದಯವಿಟ್ಟು ಕಾಯಿರಿ’ಗಳನ್ನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೇಳುವುದು, ಕೇಳಿ ಕಸ ತೆಗೆಯುವುದು. ಎಂಜಲು ನುಂಗಿದ ಸದ್ದು, ತುಟಿ ಬಿಚ್ಚಿದ ಸದ್ದು, ಕುರ್ಚಿ ನರಳಿದ್ದು. ಎಲ್ಲಕ್ಕಿಂತ ಮೊದಲು ಉಸಿರು. ಪ್ರತಿ ವಾಕ್ಯದ ಮುಂಚೆ ಮನುಷ್ಯ ಗಾಳಿ ಎಳೆದುಕೊಳ್ಳುತ್ತಾನೆ, ಮುಳುಗುವವನ ಹಾಗೆ. ಅದನ್ನು ಹಿಡಿದು ಕತ್ತರಿಸಬೇಕು. ಧ್ವನಿ ತಂತ್ರಜ್ಞಾನದಲ್ಲಿ ದೊಡ್ಡ ಪದವಿ ಪಡೆದು ಅವನು ಕಲಿತ ವಿದ್ಯೆ ಇದು. ಇದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸ್ಟುಡಿಯೋದ ಮಾಲೀಕ ಹೊಸ ಗಿರಾಕಿಗಳಿಗೆ, “ಇವರ ಕೈಗೆ ಸಿಕ್ಕಿದ್ರೆ ಹೆಣದ ಹಾಗೆ ಮಾತಾಡ್ತೀರಿ ನೋಡಿ,” ಎಂದು ಪರಿಚಯಿಸುತ್ತಿದ್ದ. ಅದು ಹೊಗಳಿಕೆ.

ಡಬ್ಬಿಯ ಕಥೆಯನ್ನೂ ಅವನು ಹಾಗೆಯೇ ಶುಚಿ ಮಾಡಿದ್ದ. ಗುಂಡ ಹುಟ್ಟುವ ಮುಂಚೆ, ಒಂದು ಭಾನುವಾರ, ಇರುವೆಯನ್ನು ಖಾಲಿ ಸ್ಟುಡಿಯೋಗೆ ಕರೆದುಕೊಂಡು ಹೋಗಿ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ ಕಥೆ. ಅವನ ಅಜ್ಜಿ ಹೇಳುತ್ತಿದ್ದದ್ದು. ಬಾವಿ ತೋಡುವವನೊಬ್ಬ ತೋಡುತ್ತ ತೋಡುತ್ತ ಕೆಳಗಿಳಿಯುತ್ತಾನೆ. ಮೇಲಿನಿಂದ ಹೆಂಡತಿ, ನೀರು ಬಂತಾ, ಎಂದು ಕೂಗುತ್ತಾಳೆ. ಅವನು, ಇನ್ನೊಂದು ಮೊಳ, ಎನ್ನುತ್ತಾನೆ. ಆಮೇಲೆ ಮಗಳು ಕೂಗುತ್ತಾಳೆ, ಮಗ ಕೂಗುತ್ತಾನೆ. ಇನ್ನೊಂದು ಮೊಳ.

ಅಜ್ಜಿ ಕಥೆ ಶುರು ಮಾಡುವ ಮುಂಚೆ ಕಣ್ಣುಮುಚ್ಚಿ ಕೈಮುಗಿಯುತ್ತಿದ್ದಳು. ಮಾತು ನಮ್ಮದು, ಉಸಿರು ದೇವರದು, ಕಥೆಯಲ್ಲಿ ಎರಡೂ ಇರಬೇಕು, ಎನ್ನುತ್ತಿದ್ದಳು. ಹೂಂಗುಟ್ಟದೆ ಇದ್ದರೆ ಮುಂದಕ್ಕೆ ಹೇಳುತ್ತಿರಲಿಲ್ಲ.

“ಹೂಂ ಅನ್ನು ಮಗಾ. ಕೇಳೋರು ಅನ್ನದಿದ್ರೆ ಮೂಲೇಲಿ ಕೂತಿರೋದು ಅನ್ನುತ್ತೆ.”

“ಮೂಲೇಲಿ ಏನು ಕೂತಿರುತ್ತೆ ಅಜ್ಜಿ?”

“ಮನೆ ಇಲ್ಲದ್ದು.”

ಅವನು ಹೆದರಿ ಹೂಂ ಎನ್ನುತ್ತಿದ್ದ. ಆ ಭಾನುವಾರ ಇರುವೆಯೂ ಹೂಂ ಎಂದಿದ್ದಳು, ಪ್ರತಿ ಮಾತಿಗೂ, ಬಾಯಲ್ಲಿ ಬೆರಳಿಟ್ಟುಕೊಂಡೇ. ನಡುವೆ, “ಅವನಿಗೆ ಮೇಲೆ ಬರೋಕೆ ಬರಲ್ವಾ?” ಎಂದು ಕೇಳಿದ್ದಳು. ಒಮ್ಮೆ ಸೀನಿದ್ದಳು. ಅವನು ನಕ್ಕಿದ್ದ. ಮರುದಿನ ಕೂತು ತೆಗೆದ: ತನ್ನ ಉಸಿರು, ತನ್ನ ನಗು, ಅವಳ ಸೀನು, ಅವಳ ಪ್ರಶ್ನೆ. ಅವಳ ಹೂಂಗಳನ್ನೂ ಒಂದೊಂದಾಗಿ ಕತ್ತರಿಸಿ, ಅಲ್ಲೆಲ್ಲ ಅಷ್ಟೇ ಅಳತೆಯ ಮೌನವನ್ನು ಕೂರಿಸಿದ. ಮುಂದೆ ಕೇಳುವ ಮಗು ಅಲ್ಲಿ ಹೂಂ ಎನ್ನಲಿ ಎಂದು. ಎಷ್ಟು ಮುಂದಾಲೋಚನೆ ಎಂದು ತನ್ನನ್ನೇ ಮೆಚ್ಚಿಕೊಂಡಿದ್ದ. ತೆಗೆದದ್ದನ್ನು ಇಟ್ಟುಕೊಳ್ಳುವ ಪದ್ಧತಿ ಅವನ ಕೆಲಸದಲ್ಲಿರಲಿಲ್ಲ. ಕಸವನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ?

ಊಟವಾಯಿತು. ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ. ಅವನು ಪರದೆ ಎಳೆದು, ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಿ, ನಡುವೆ ಕೂತ.

ಗುಂಡ ಕಪಾಟಿನ ಕಡೆ ಕೈಚಾಚಿದ. “ಅಪ್ಪ.”

“ಇಲ್ಲೇ ಇದ್ದೀನಲ್ಲೋ.”

“ಅಪ್ಪ,” ಎಂದ ಗುಂಡ ತಾಳ್ಮೆಯಿಂದ, ಕಪಾಟನ್ನೇ ತೋರಿಸುತ್ತ.

“ಇವತ್ತು ಡಬ್ಬಿ ಇಲ್ಲ. ನಾನು ಹೇಳ್ತೀನಿ.”

ಇರುವೆ ಅವನ ಮುಖವನ್ನು ನೋಡಿದಳು. “ನಿಮಗೆ ಬರುತ್ತಾ?”

“ಬರದೆ ಏನು. ಅದು ನಂದೇ ಕಥೆ.”

“ಡಬ್ಬಿ ಅಪ್ಪಂದು,” ಎಂದಳು. ವಾದಿಸಲಿಲ್ಲ. ಗೊತ್ತಿಲ್ಲದವರಿಗೆ ತಿಳಿಸಿದಳು.

ಅವನು ಶುರು ಮಾಡಿದ. ಒಂದಾನೊಂದು ಊರಲ್ಲಿ ಒಬ್ಬ ಬಾವಿ ತೋಡೋನಿದ್ದ. ನಿಲ್ಲಿಸಿದ. ಹೂಂ ಬರಲಿಲ್ಲ. ಅವಳು ಕಣ್ಣುಬಿಟ್ಟುಕೊಂಡೇ ಇದ್ದಳು. ಮುಂದುವರಿಸಿದ. ಅವನು ಮಾತಾಡುವಾಗ ಅವಳಿಗೆ ಹೂಂ ಬಂತು. ಅವನು ನಿಲ್ಲಿಸಿದಾಗ ಮೌನ. ಎದುರು ಬರುವವರಿಗೆ ದಾರಿ ಬಿಡಲು ಹೋಗಿ ಇಬ್ಬರೂ ಒಂದೇ ಕಡೆಗೆ ಸರಿಯುವ ಹಾಗೆ, ಮತ್ತೆ ಮತ್ತೆ ಡಿಕ್ಕಿ.

“ಅಲ್ಲಿ ನಿಲ್ಲಿಸಬಾರದು,” ಎಂದಳು.

“ಸರಿ.”

“ಮತ್ತೆ ಯಾಕೆ ಹಾಗೆ ಸುಸ್ ಸುಸ್ ಅಂತೀರಿ?”

“ಉಸಿರು ಕಣಮ್ಮ.”

“ಅಪ್ಪ ಹಾಗನ್ನಲ್ಲ.”

ಗುಂಡ ಈಗ ಅಳು ತೆಗೆದಿದ್ದ. ಬಿದ್ದು ಪೆಟ್ಟಾದಾಗ ಅಳುವ ಅಳು ಅದಲ್ಲ. ಜಾತ್ರೆಯಲ್ಲಿ ಕೈತಪ್ಪಿಸಿಕೊಂಡ ಮಗುವಿನದು, ಯಾರದೋ ತೋಳಿನಲ್ಲಿದ್ದುಕೊಂಡು ಬೇರೆ ಯಾರನ್ನೋ ಕರೆಯುವ ಅಳು. ಅಪ್ಪ, ಅಪ್ಪ, ಎನ್ನುತ್ತ ಅವನ ಎದೆಯನ್ನು ಎರಡೂ ಕೈಯಿಂದ ತಳ್ಳುತ್ತಿದ್ದ.

ಆಗ ಅವನಿಗೊಂದು ಉಪಾಯ ಹೊಳೆಯಿತು. ನಾಚಿಕೆಯ ಉಪಾಯ. ಆದರೆ ನೋಡುವವರು ಯಾರು? ಗೋಡೆಗೆ ಒರಗಿ, ಬಾಯಿ ಅಗಲಿಸಿ ಸದ್ದಾಗದಂತೆ ಎದೆ ತುಂಬಿಕೊಂಡ. ಆ ದನಿ ನೆನಪಿತ್ತು. ಸಮ, ತಣ್ಣಗೆ, ಎಲ್ಲಿಯೂ ಏರದ್ದು. ಮೌನಗಳ ಅಳತೆಯೂ ನೆನಪಿತ್ತು, ಕೂರಿಸಿದವನು ಅವನೇ ಅಲ್ಲವೇ. ಅವನು ತನ್ನನ್ನೇ ಅನುಕರಿಸಿ ಹೇಳತೊಡಗಿದ.

“ನೀರು ಬಂತಾ ಎಂದು ಹೆಂಡತಿ ಕೂಗಿದಳು.”

“ಹೂಂ,” ಎಂದಳು ಇರುವೆ.

ಗುಂಡನ ಅಳು ಬಿಕ್ಕಿಗೆ ಇಳಿಯಿತು. ಇರುವೆಯ ರೆಪ್ಪೆ ಅರ್ಧ ಮುಚ್ಚಿತು, ಅವಳ ಕೈ ತಾನಾಗಿ ಬಂದು ಅವನ ಮೊಣಕಾಲ ಮೇಲೆ ಕೂತಿತು. “ಆಮೇಲೆ ಮಗಳು ಕೂಗ್ತಾಳೆ ಅಲ್ವಾ?” ಎಂದಳು ನಿದ್ದೆಗಣ್ಣಿನಲ್ಲಿ. “ನೀನು ಬೇಗ ಹೇಳು.”

ನೀನು.

ಅವನು ಹೇಳಿದ. ಉಸಿರನ್ನು ಕದ್ದು ಕದ್ದು ಎಳೆದುಕೊಳ್ಳುತ್ತಿದ್ದ, ದೇವರ ಹುಂಡಿಗೆ ಕೈಹಾಕಿದವನ ಹಾಗೆ. ಸಾಲುತ್ತಿರಲಿಲ್ಲ. ಕಿವಿಯಲ್ಲಿ ರಕ್ತ ಬಡಿಯಿತು, ಎದೆ ಒಳಗಿನಿಂದ ಒದೆಯಿತು. ಇನ್ನೊಂದೇ ಮಾತು, ಇನ್ನೊಂದು, ಅವಳ ಕಣ್ಣು ಪೂರ್ತಿ ಮುಚ್ಚುವ ತನಕ. ಮೊಣಕಾಲ ಮೇಲಿನ ಕೈ ಬಿಸಿಯಾಗಿ, ಭಾರವಾಗಿ, ನಂಬಿಕೊಂಡು ಬಿದ್ದಿತ್ತು.

ಕೆಮ್ಮು ಬಂತು. ತಡೆದ. ತಡೆದ ಕೆಮ್ಮು ಇನ್ನೂ ದೊಡ್ಡದಾಗಿ ಬಂತು. ಮುಂದಕ್ಕೆ ಬಾಗಿ, ನೆಲಕ್ಕೆ ಕೈಯೂರಿ, ಬಾವಿಯಿಂದ ಎತ್ತಿಹಾಕಿದವನಂತೆ ಗಾಳಿ ಎಳೆದುಕೊಂಡ.

ಇರುವೆ ಎದ್ದು ಕೂತಿದ್ದಳು. ಕೈ ಹಿಂದಕ್ಕೆ ಹೋಗಿತ್ತು. ತಮ್ಮನನ್ನು ತನ್ನ ಕಡೆ ಎಳೆದುಕೊಂಡು, ಅವನನ್ನು ಸ್ವಲ್ಪ ಹೆದರಿಕೆಯಿಂದ, ಸ್ವಲ್ಪ ಕನಿಕರದಿಂದ ನೋಡಿದಳು.

“ನೀರು ಕುಡೀತೀರಾ?” ಎಂದು ಕೇಳಿದಳು.

ಅವನು ಎದ್ದು ಕಪಾಟಿನ ಟವೆಲುಗಳ ಹಿಂದಿನಿಂದ ಡಬ್ಬಿಯನ್ನು ತೆಗೆದ. ಕೆಂಪು ಚುಕ್ಕೆ ಆರಿಹೋಗಿತ್ತು. ಚಾಪೆಯ ಹತ್ತಿರದ ಪ್ಲಗ್ಗಿಗೆ ವೈರು ಚುಚ್ಚಿ, ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಒಬ್ಬ ಮನುಷ್ಯನ ದನಿ ಹುಟ್ಟಿತು. ಒಳ್ಳೆಯ ದನಿ. ಸಮಾಧಾನದ ದನಿ. ಎಲ್ಲಿಗೂ ಹೋಗುವ ಆತುರವಿಲ್ಲದವನದು.

ಗುಂಡ ಅಳುವನ್ನು ಅರ್ಧಕ್ಕೆ ನಿಲ್ಲಿಸಿ, ತೆವಳಿಕೊಂಡು ಹೋಗಿ ಡಬ್ಬಿಗೆ ಕೆನ್ನೆಯಾನಿಸಿದ. ಇರುವೆ ಬೆನ್ನು ತಿರುಗಿಸಿ ಮಲಗಿದಳು. ಮೌನ ಬಂದಲ್ಲೆಲ್ಲ ಹೂಂ ಎಂದಳು, ಒಂದೂ ತಪ್ಪದೆ.

ಫೋನು ನಡುಗಿತು. ಅವನು ಕೋಣೆಯ ಮೂಲೆಗೆ ಹೋಗಿ ಕೂತು ಎತ್ತಿಕೊಂಡ.

“ಮಲಗಿದ್ರಾ?” ಹೆಂಡತಿ.

“ಮಲಗ್ತಿದಾರೆ.”

“ಕಥೆ ಕೇಳಿಸ್ತಿದೆ. ನೀವಾ, ಅದಾ?”

ಅವನು ಡಬ್ಬಿಯ ಕಡೆ ನೋಡಿದ.

“ಎಷ್ಟು ಚೆನ್ನಾಗಿ ಹೇಳ್ತಿದೀರಿ,” ಎಂದಳು. ಅವಳ ದನಿ ಮೆತ್ತಗಾಗಿತ್ತು. “ಪಾಪ, ನಿಲ್ಲಿಸ್ಬೇಡಿ, ಹೇಳಿ ಹೇಳಿ. ನಾನಿಡ್ತೀನಿ.”

ಇಟ್ಟಳು. ಹೇಳುತ್ತಿದ್ದವನಿಗೆ ಫೋನು ಹಿಡಿದುಕೊಂಡು ಮಾತಾಡಲು ಹೇಗಾಯಿತು ಎಂದು ಅವಳಿಗೆ ಹೊಳೆಯಲಿಲ್ಲ. ಅವನಿಗೂ ಅದು ಹೊಳೆದದ್ದು ಆಮೇಲೆ.

ಪರದೆಯ ಸಂದಿಯಿಂದ ಬಿಸಿಲಿನ ಒಂದು ಗೆರೆ ಒಳಗೆ ಬಂದು ಮಕ್ಕಳ ಕಾಲಿನ ಮೇಲೆ ಬಿದ್ದಿತ್ತು. ಮೂಲೆಯ ತನಕ ಬರಲಿಲ್ಲ. ಇರುವೆಯ ಹೂಂ ಸಣ್ಣದಾಗುತ್ತ ಹೋಯಿತು. ಒಂದು ಹೂಂ ಬಾಯಲ್ಲೇ ಉಳಿಯಿತು. ಆಮೇಲೆ ಡಬ್ಬಿಯ ದನಿಯ ಜೊತೆ ಇಬ್ಬರ ಉಸಿರು ಮಾತ್ರ ಕೇಳುತ್ತಿತ್ತು. ಒಂದು ದೊಡ್ಡದು, ಒಂದು ಚಿಕ್ಕದು, ಯಾರೂ ಕತ್ತರಿಸದೆ ಬಿಟ್ಟದ್ದು. ಏಳಬಹುದು, ಬಟ್ಟೆ ಒಣಹಾಕುವುದಿದೆ, ಎಂದುಕೊಂಡ. ಏಳಲಿಲ್ಲ. ಮೊಣಕಾಲನ್ನು ಎದೆಗೆ ಎಳೆದುಕೊಂಡು, ಬೆನ್ನನ್ನು ಎರಡು ಗೋಡೆಗಳ ಸಂದಿಗೆ ಒತ್ತಿ ಕೂತ.

“ಆಮೇಲೆ ಮಗಳು ಬಾವಿಯ ಕಟ್ಟೆಗೆ ಬಂದಳು,” ಎಂದಿತು ಡಬ್ಬಿ. “ಕೆಳಗೆ ಬಗ್ಗಿ ನೋಡಿದಳು. ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ಅಪ್ಪಾ, ನೀರು ಬಂತಾ, ಎಂದು ಕೂಗಿದಳು.”

ಮೌನ ಬಂತು. ಅವನೇ ಕತ್ತರಿಸಿ ಕೂರಿಸಿದ ಮೌನ. ಚಾಪೆಯ ಮೇಲಿನಿಂದ ಯಾರೂ ಏನೂ ಅನ್ನಲಿಲ್ಲ.

ಮೂಲೆಯಿಂದ, ಬಹಳ ಮೆಲ್ಲಗೆ, “ಹೂಂ,” ಎಂಬ ಸದ್ದು ಬಂತು.

“ಇನ್ನೊಂದು ಮೊಳ,” ಎಂದಿತು ಡಬ್ಬಿ.